ಏಳು ಜನಕ್ಕೆ ಎರಡು ಮುಂಬಾಗಿಲು

ಕೆಂಗೇರಿಯಲ್ಲಿ ಇನ್ನೂ ಕಟ್ಟಿ ಮುಗಿಯದ ಒಂದು ಅಪಾರ್ಟ್‌ಮೆಂಟಿನ ಸ್ಯಾಂಪಲ್ ಫ್ಲಾಟಿಗೆ ನನ್ನ ಸಂಸಾರವನ್ನೆಲ್ಲ ಕರೆದುಕೊಂಡು ಹೋಗಿ, ಅಲ್ಲೇ ನೆಲದ ಮೇಲೆ ಕೂರಿಸಿ ಚಿತ್ರಾನ್ನ ಬಡಿಸಿ, ಊಟ ಆದ ಮೇಲೆ ಏಳೂ ಜನ ಕೈಕಾಲು ಚಾಚಿ ಮಲಗಿ ಬಂದಿದ್ದೇವೆ. ನಂಬಬೇಡಿ ನೋಡೋಣ. ನಿಮ್ಮ ಕೈಲಾಗುವುದಿಲ್ಲ. ಸುಳ್ಳು ಹೇಳುವುದರಲ್ಲಿ ನನ್ನಷ್ಟು ಪಳಗಿದವನು ರಾಜಾಜಿನಗರದ ಆರೂ ಬ್ಲಾಕಿನಲ್ಲಿ ಸಿಗುವುದಿಲ್ಲ. ಯಾವಾಗ ಸುಳ್ಳು ಬೇಕು, ಯಾವಾಗ ನಿಜವೇ ಸಾಕು ಅನ್ನುವುದು ನನಗೆ ಗೊತ್ತು. ಮುಂದೆ ಓದುವುದರಲ್ಲಿ ಒಂದೇ ಒಂದು ಕಡೆ ನಾನು ಕಟ್ಟಿ ಹೇಳಿದ್ದೇನೆ. ಎಲ್ಲಿ ಅಂತ ಕೊನೆಯಲ್ಲಿ ನಾನೇ ಒಪ್ಪಿಕೊಳ್ಳುತ್ತೇನೆ. ಅದಕ್ಕೂ ಮೊದಲು ನೀವೇ ಹಿಡಿದುಬಿಟ್ಟರೆ ನಿಮಗೊಂದು ಸಲಾಮು.

ನನ್ನ ಪರಿಚಯ ಇಷ್ಟು ಸಾಕು: ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದವನು. ಮಧ್ಯಾಹ್ನ ಎಲ್ಲರ ಡಬ್ಬಿಗೂ ಕೈ ಹಾಕುತ್ತಿದ್ದ ಫೋರ್‌ಮನ್ನನ ಸ್ವಂತ ಡಬ್ಬಿಯನ್ನು ಕಬ್ಬಿಣದ ಬೆಂಚಿಗೆ ವೆಲ್ಡ್ ಮಾಡಿಸಿ ಇಟ್ಟವನು. ಆತ ಮುಚ್ಚಳ ತೆಗೆದು ಅಲ್ಲೇ ನಿಂತು ಉಂಡ. ಆ ಕಥೆಯನ್ನು ಇವತ್ತಿಗೂ ಹಳೆ ಗೆಳೆಯರು ಹೇಳಿಕೊಂಡು ನಗುತ್ತಾರೆ. ಆದರೆ ಈಗ ಹೇಳುತ್ತಿರುವುದು ನಗಿಸುವುದಕ್ಕಲ್ಲ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ನಗು ಬಂದರೆ ಅದು ನಿಮ್ಮ ತಪ್ಪು.

ಏಳು ಜನ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಾನು, ನನ್ನ ಹೆಂಡತಿ. ಮಗ, ಸೊಸೆ. ಅವರ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಾಲೇಜು, ಚಿಕ್ಕವಳು ಹೈಸ್ಕೂಲು. ಏಳನೆಯವಳು ನನ್ನಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ವಾಪಸು ಬಂದವಳು. ಬಂದಾಗ ನಾನು ತಾಯಿಯಿಲ್ಲದ ಹುಡುಗ, ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನನ್ನ ತಲೆ ಬಾಚಿದಳು, ಆಮೇಲೆ ನನ್ನ ಮಗನ ತಲೆ ಬಾಚಿದಳು, ಈಗ ಅವನ ಮಕ್ಕಳಿಗೆ ಜಡೆ ಹಾಕುತ್ತಾಳೆ. ಎಂಬತ್ತು ದಾಟಿದೆ. ಮಂಡಿ ಪೂರ್ತಿ ಹೋಗಿದೆ, ಮೆಟ್ಟಿಲು ಅಂದರೆ ಆಗುವುದಿಲ್ಲ. ನಾಲಿಗೆ ಮಾತ್ರ ನನ್ನದಕ್ಕಿಂತ ಚುರುಕು.

ನಾವಿದ್ದದ್ದು ರಾಜಾಜಿನಗರದ ಬಾಡಿಗೆ ಮನೆ. ನೆಲ ಅಂತಸ್ತು, ಮೂರು ರೂಮು, ನಡುವೆ ಹಾಲು, ಹಿಂದೆ ಬಟ್ಟೆ ಒಗೆಯುವ ಕಲ್ಲಿದ್ದ ಹಿತ್ತಲು. ಹಿತ್ತಲಿಗೆ ಹೋಗುವ ಬಾಗಿಲು ಹಸಿರು ಬಣ್ಣದ್ದು, ಕೆಳಗಡೆ ನೀರು ಕುಡಿದು ಕುಡಿದು ಸವೆದಿತ್ತು, ತೆಗೆದರೆ ಕುಯ್ ಅಂತಿತ್ತು. ಮನೆಯ ಓನರು ಹಳೆ ಕಾಲದ ಮನುಷ್ಯ. ನಾವು ಬಾಡಿಗೆಗೆ ಕೇಳಲು ಹೋದಾಗ ಮನೆಯಲ್ಲಿ ಎಷ್ಟು ಜನ ಅಂತ ವಿಚಾರಿಸಿ, ಜಾಸ್ತಿ ಜನ ಇದ್ದರೆ ಮನೆ ಬೆಚ್ಚಗಿರುತ್ತೆ ಅಂತ ಹೇಳಿ ಬೀಗದ ಕೈ ಕೊಟ್ಟಿದ್ದರು. ಅಂಥ ಮಾತಾಡುವ ಓನರನ್ನು ನೀವು ಈಗ ಹುಡುಕಿಕೊಡಿ, ನಾನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿಸುತ್ತೇನೆ.

ಅವರು ತೀರಿಕೊಂಡ ಮೇಲೆ ಅವರ ದೊಡ್ಡ ಮಗ ಒಂದು ದಿನ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದ. ಓನರು ಸ್ವೀಟ್ ತಂದರೆ ಮನೆಗೆ ಕೇಡು ಅಂತ ನನಗೆ ಆಗಲೇ ಹೊಳೆಯಿತು.

"ಅಂಕಲ್, ಮನೆ ಒಡ್ದು ಕಟ್ಟಿಸ್ತಾ ಇದೀವಿ. ಮಕ್ಕಳ ಎಕ್ಸಾಮ್ ಮುಗಿಯೋವರ್ಗೂ ಇರಿ, ಅವಸರ ಇಲ್ಲ."

"ಕಟ್ಟಿದ್ಮೇಲೆ ನಮಗೊಂದು ಕೊಡ್ತೀಯೇನಪ್ಪಾ?"

"ಎಲ್ಲಾ ಸಿಂಗಲ್ ರೂಮು ಅಂಕಲ್. ಫ್ಲೋರಿಗೆ ಆರಾರು."

"ಫ್ಯಾಮಿಲಿಗೆ ಒಂದೂ ಇಲ್ವಾ?"

"ಫ್ಯಾಮಿಲಿಗೆ ಈಗ ಯಾರು ಅಂಕಲ್ ಕಟ್ತಾರೆ?"

ಆಮೇಲೆ ನನಗೆ ಪಾಠ ಹೇಳಿದ. ಫ್ಯಾಮಿಲಿ ಒಂದು ಸಲ ಒಳಗೆ ಬಂದರೆ ಕದಲುವುದಿಲ್ಲವಂತೆ. ಸುಣ್ಣ ಬಳಿಸಿ ಅನ್ನುತ್ತಾರೆ, ಹಬ್ಬಕ್ಕೆ ನೆಂಟರು ಬರುತ್ತಾರೆ, ಸಂಪಿನ ನೀರು ಖಾಲಿ ಮಾಡುತ್ತಾರೆ, ಬಾಡಿಗೆ ಏರಿಸಿದರೆ ಕಣ್ಣೀರು ಹಾಕುತ್ತಾರೆ. ಒಂಟಿ ಹುಡುಗರು ಹಾಗಲ್ಲ. ಬೆಳಿಗ್ಗೆ ಹೋದರೆ ಮಲಗುವುದಕ್ಕೆ ಬರುತ್ತಾರೆ, ವರ್ಷದಲ್ಲಿ ಬಿಡುತ್ತಾರೆ, ಹೊಸ ಹುಡುಗ ಬಂದರೆ ಹೊಸ ಬಾಡಿಗೆ. ಅವನ ಮಾತಿನ ಸಾರ ಇಷ್ಟು: ನಡುವೆ ಒಂದು ಗೋಡೆ ಎಬ್ಬಿಸಿದರೆ ಒಂದು ಬಾಡಿಗೆ ಎರಡಾಗುತ್ತದೆ. ಇನ್ನೊಂದು ಎಬ್ಬಿಸಿದರೆ ಮೂರು. ರಾಗಿ ಬೆಳೆಯುತ್ತಿದ್ದ ನಮ್ಮ ಕಡೆಯ ನೆಲದಲ್ಲಿ ಈಗಿನ ಬೆಳೆ ಗೋಡೆ.

ನಾನು ಸ್ವೀಟು ತಿಂದು, ಸಕ್ಕರೆ ಕಮ್ಮಿ ಅಂದೆ. ಪಾಪ, ಸಂಕೋಚಪಟ್ಟುಕೊಂಡು ಮನೆಯಿಂದ ಏನಾದರೂ ನೆನಪಿಗೆ ಬೇಕಿದ್ದರೆ ತಗೊಳ್ಳಿ ಅಂದ. ಹಿತ್ತಲ ಬಾಗಿಲು ಕೊಡು ಅಂದೆ. ತಮಾಷೆ ಅಂದುಕೊಂಡು ನಕ್ಕ. ಅದು ತಮಾಷೆಯಾಗಿರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಮಾತು ನಡೆಯಿತು. ಮಗ ಫೋನಿನಲ್ಲಿ ಅದೂ ಇದೂ ನೋಡಿ, ನಮ್ಮ ಕೈಗೆಟುಕುವ ಕಡೆ ಸಿಗುವುದೆಲ್ಲ ಎರಡು ರೂಮಿನ ಮನೆ, ಅದರಲ್ಲಿ ಹೇಗೋ ಒತ್ತಿಕೊಂಡು ಆರು ಜನ ಇರಬಹುದು ಅಂದ. ಆರು ಅಂದವನು ಅಲ್ಲೇ ನಿಂತುಬಿಟ್ಟ. ಅವನು ಕೆಟ್ಟವನಲ್ಲ, ಬಾಯಿಗೆ ಬಂದ ಲೆಕ್ಕ ಹೇಳಿ ಆಮೇಲೆ ಅವನಿಗೇ ಗಾಬರಿಯಾಯಿತು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಕ್ಕ ತಲೆ ಎತ್ತದೆ, ತಿಪಟೂರಿನಲ್ಲಿ ಚಿಕ್ಕಪ್ಪನ ಮೊಮ್ಮಕ್ಕಳು ಇದ್ದಾರಲ್ಲ, ನಾನು ಅಲ್ಲಿಗೆ ಹೋಗುತ್ತೇನೆ ಬಿಡಿ ಅಂದಳು. ಆ ಮೊಮ್ಮಕ್ಕಳನ್ನು ಅವಳು ನೋಡಿದ್ದು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ.

ಮಾರನೇ ದಿನ ನಾನು ಕಾಫಿಗೆ ಏಳುವಷ್ಟರಲ್ಲಿ ಅವಳ ತಗಡಿನ ಟ್ರಂಕು ತುಂಬಿ, ಬೀಗ ಹಾಕಿ, ಮಂಚದ ಪಕ್ಕ ಕೂತಿತ್ತು. ಅದರ ಮೇಲೆ ಮಡಿಚಿದ ಶಾಲು. ನನಗೆ ಬಂದ ಸಿಟ್ಟಿಗೆ ಆ ಟ್ರಂಕನ್ನು ಎತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು. ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು, ಅದು ಬೇರೆ ವಿಷಯ.

"ಏಳು ಜನಕ್ಕೂ ಮನೆ ಹುಡುಕ್ತೀನಿ. ಒಬ್ರನ್ನೂ ಬಿಡಲ್ಲ. ಸಿಗ್ಲಿಲ್ಲ ಅಂದ್ರೆ ನನ್ನ ಹೆಸ್ರು ಬದಲಾಯ್ಸು," ಅಂದೆ.

"ಹೆಸ್ರು ಇಟ್ಟೋಳೇ ನಾನು ಕಣೋ," ಅಂದಳು. "ಬದಲಾಯ್ಸೋಕೆ ನಂಗೇನು ಕಷ್ಟ?"

ಹಾಗೆ ಹುಡುಕಾಟ ಶುರುವಾಯಿತು. ಬಸವೇಶ್ವರನಗರ, ವಿಜಯನಗರ, ಲಗ್ಗೆರೆ. ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ನಿಂತೆ. ಬೋರ್ಡಿಗೇನೂ ಬರವಿಲ್ಲ, ಗೇಟಿಗೆ ಒಂದರಂತೆ ನೇತಾಡುತ್ತಿದ್ದವು. ಓದಿದರೆ ಸಿಂಗಲ್ ರೂಮು, ಒನ್ ಬಿಎಚ್‌ಕೆ, ಸಿಂಗಲ್ ರೂಮು, ಹುಡುಗಿಯರ ಪಿಜಿ, ಹುಡುಗರ ಪಿಜಿ, ಮತ್ತೆ ಸಿಂಗಲ್ ರೂಮು. ಫೋನು ಮಾಡಿದರೆ ಅತ್ತ ಕಡೆಯಿಂದ ಹಲೋ ಅನ್ನುವುದಕ್ಕೂ ಮುಂಚೆ ಬರುವ ಪ್ರಶ್ನೆ, ಎಷ್ಟು ಜನ. ನಾನು ಏಳು ಅಂದ ಕೂಡಲೇ ಲೈನು ಕಟ್ಟಾಗುತ್ತಿತ್ತು. ಆಮೇಲೆ ನಾನೂ ಆಟ ಶುರು ಮಾಡಿದೆ. ಒಬ್ಬಾಕೆಗೆ ನಾವು ಇಬ್ಬರೇ ಅಂದೆ; ಸಂತೋಷಪಟ್ಟು ಬನ್ನಿ ಅಂದರು. ನಾವಿಬ್ಬರು, ಮಿಕ್ಕವರು ನಮ್ಮನ್ನು ನೋಡಿಕೊಳ್ಳುವವರು ಅಂದೆ. ಫೋನಿಟ್ಟರು. ಇನ್ನೊಬ್ಬರಿಗೆ ಹೆಂಗಸಿನ ದನಿಯಲ್ಲಿ ಮಾತಾಡಿ, ನಾನೊಬ್ಬಳೇ, ವಾರಕ್ಕೊಮ್ಮೆ ಮಾತ್ರ ಸ್ನಾನ, ನೀರು ಖರ್ಚಾಗಲ್ಲ ಅಂದೆ. ಅವರು ಅದಕ್ಕೂ ಒಪ್ಪಿದರು! ಊರು ಎಲ್ಲಿಗೆ ಬಂತು ನೋಡಿ: ಸ್ನಾನ ಮಾಡದ ಒಂಟಿ ಹೆಂಗಸಿಗೆ ಮನೆ ಇದೆ, ಬೆಳಿಗ್ಗೆ ಎದ್ದು ದೇವರ ದೀಪ ಹಚ್ಚುವ ಸಂಸಾರಕ್ಕಿಲ್ಲ.

ಬಸವೇಶ್ವರನಗರದಲ್ಲಿ ಒಬ್ಬರು ಮೂರು ಬೆಡ್‌ರೂಮ್ ಅಂತ ಕರೆದು ತೋರಿಸಿದ ಮೂರನೇ ಬೆಡ್‌ರೂಮು ಮೆಟ್ಟಿಲ ಕೆಳಗಿನ ಗೂಡು. ಅದರಲ್ಲಿ ಮಲಗಬೇಕಾದರೆ ಮನುಷ್ಯ ಮೆಟ್ಟಿಲಿನ ಆಕಾರದಲ್ಲಿ ಹುಟ್ಟಿರಬೇಕು.

ವಿಜಯನಗರದ್ದು ಇನ್ನೂ ಚೆನ್ನ. ಒಳ್ಳೆ ಗಟ್ಟಿ ಮನೆ, ದೊಡ್ಡ ಹಾಲು. ಆ ಹಾಲಿನ ನಡುಮಧ್ಯಕ್ಕೆ ಪ್ಲೈವುಡ್ ಹೊಡೆದು ಎರಡು ಪೋರ್ಷನ್ ಮಾಡಿದ್ದರು. ಹಾಲಿಗೆ ಇದ್ದದ್ದು ಒಂದೇ ಕಿಟಕಿ. ಅದೂ ಅರ್ಧ ಈ ಕಡೆ, ಅರ್ಧ ಆ ಕಡೆ. ಓನರಮ್ಮ ಬಾತ್‌ರೂಮಿನ ಟೈಲ್ಸನ್ನು ಹೊಗಳುತ್ತಿದ್ದಾಗ ನಾನು ಕಿಟಕಿಯ ಸಂದಿನಲ್ಲಿ ಕೈ ತೂರಿಸಿ ಆ ಕಡೆ ಇಟ್ಟಿದ್ದ ಬಾಳೆಹಣ್ಣು ಎತ್ತಿಕೊಂಡೆ. ಪ್ಲೈವುಡ್ಡಿನ ಆಚೆಯಿಂದ ದನಿ ಬಂತು.

"ಏ, ಯಾರ್ರೀ ಅದು, ನಮ್ ಬಾಳಿಹಣ್ಣು ಯಾಕ ಒಯ್ಯಾಕತ್ತೀರಿ?"

"ಕಿಟಕಿ ಅರ್ಧ ನಮ್ದು. ಹಣ್ಣೂ ಅರ್ಧ ನಮ್ದೇ ಅಲ್ವೇನಪ್ಪಾ?"

"ಪೂರಾ ತಿನ್ರಿ ಅಜ್ಜಾರ. ಮನಿ ಅಂತೂ ಪೂರಾ ಸಿಗಂಗಿಲ್ಲ, ಹಣ್ಣರ ಪೂರಾ ಸಿಗಲಿ."

ನನಗೆ ಸರಿಸಾಟಿಯಾಗಿ ಉತ್ತರ ಕೊಡುವವನು ಅಪರೂಪಕ್ಕೆ ಸಿಗುತ್ತಾನೆ. ಹೋಗಿ ನೋಡಿದೆ. ಯಾದಗಿರಿ ಕಡೆಯವನು, ಊಟ ಡೆಲಿವರಿ ಮಾಡುವ ಕೆಲಸ. ಆ ಅರ್ಧ ಹಾಲಿನಲ್ಲಿ ಮೂವರು ಇದ್ದರು, ಮಂಚ ಒಂದೇ; ಯಾರ ಕೆಲಸ ಮುಗಿದಿರುತ್ತದೋ ಅವರದ್ದು ಮಂಚ. ನಿಜ ಹೇಳಬೇಕೆಂದರೆ, ನಮ್ಮ ಮನೆಯನ್ನು ನುಂಗಿದವರು ಈ ಒಂಟಿ ಹುಡುಗರೇ ಅಂತ ನಾನು ಬೈಯುವುದಕ್ಕೆ ತಯಾರಾಗಿ ಹೋಗಿದ್ದೆ. ಅವನು ನನಗೆ ಇನ್ನೊಂದು ಹಣ್ಣು ಕೊಟ್ಟು ತನ್ನ ಕಥೆ ಹೇಳಿದ. ಅವನಿಗೂ ಹೆಂಡತಿ ಇದ್ದಾಳೆ, ಮಗಳಿದ್ದಾಳೆ, ಊರಲ್ಲಿ. ಕರೆದುಕೊಂಡು ಬರುತ್ತೇನೆ ಅಂದರೆ ಇದು ಬ್ಯಾಚುಲರ್ ರೂಮು, ಬಿಡು ಅನ್ನುತ್ತಾರೆ. ಫ್ಯಾಮಿಲಿ ಮನೆ ಕೇಳಿದರೆ ನೀನು ಡೆಲಿವರಿ ಹುಡುಗ, ಆಗುವುದಿಲ್ಲ ಅನ್ನುತ್ತಾರೆ. ಅಂದರೆ ಅವನು ಒಂಟಿಯಲ್ಲ, ಅವನನ್ನು ಒಂಟಿ ಮಾಡಿ ಇಟ್ಟಿದ್ದಾರೆ. ಒಂಟಿಯವರು ಜಾಸ್ತಿ ಆದರು, ಅದಕ್ಕೇ ಸಣ್ಣ ಮನೆ ಕಟ್ಟುತ್ತೇವೆ ಅನ್ನುತ್ತಾರಲ್ಲ, ಅದು ತಲೆಕೆಳಗಾದ ಮಾತು. ಸಣ್ಣ ಮನೆ ಕಟ್ಟಿದ್ದಕ್ಕೇ ಮನುಷ್ಯ ಒಂಟಿಯಾಗಿದ್ದಾನೆ. ನನ್ನ ಸಿಟ್ಟು ಅವತ್ತಿನಿಂದ ಆ ಹುಡುಗರನ್ನು ಬಿಟ್ಟು ಪ್ಲೈವುಡ್ ಹೊಡೆದವರ ಕಡೆ ತಿರುಗಿತು.

ಕೆಂಗೇರಿಯ ಕಡೆ ಒಂದು ದೊಡ್ಡ ಬೋರ್ಡು ಕಣ್ಣಿಗೆ ಬಿತ್ತು. ಹೊಸ ಅಪಾರ್ಟ್‌ಮೆಂಟು, ಕುಟುಂಬದ ಕನಸಿನ ಗೂಡು ಅಂತೇನೋ ಬರೆದು, ಕೆಳಗೆ ನಗುತ್ತಿರುವ ಸಂಸಾರದ ಚಿತ್ರ: ತಾತ, ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಎಣಿಸಿದೆ, ಆರು. ಅಬ್ಬಾ, ಆರು ಜನಕ್ಕೆ ಮನೆ ಕಟ್ಟಿದವರು ಏಳನೆಯವಳಿಗೆ ಜಾಗ ಮಾಡಿಯೇ ಮಾಡುತ್ತಾರೆ ಅಂದುಕೊಂಡೆ. ಕೊಳ್ಳುವ ಶಕ್ತಿ ನಮಗಿಲ್ಲ, ಕೊಂಡವರು ಯಾರಾದರೂ ಬಾಡಿಗೆಗೆ ಬಿಡಬಹುದು ಅಂತ ಅಲ್ಲಿಗೆ ಫೋನು ಮಾಡಿ ಕೇಳಿದೆ. ಒಂದು ಬೆಡ್‌ರೂಮು, ಎರಡು ಬೆಡ್‌ರೂಮು, ಅಷ್ಟೇ ಸಾರ್ ಅಂತ ಹುಡುಗಿ ಇಂಪಾಗಿ ಹೇಳಿದಳು. ಹಾಗಾದರೆ ಬೋರ್ಡಿನ ಮೇಲಿರುವ ಆ ತಾತ ಅಜ್ಜಿ ಎಲ್ಲಿ ಮಲಗುತ್ತಾರಮ್ಮ ಅಂದೆ. ನೀವು ಒಮ್ಮೆ ಸೈಟ್ ವಿಸಿಟ್ ಮಾಡಿ ಸಾರ್, ಫ್ಯಾಮಿಲಿ ಸಮೇತ ಬನ್ನಿ ಅಂದಳು.

ಫ್ಯಾಮಿಲಿ ಸಮೇತ ಬನ್ನಿ ಅಂದದ್ದು ಅವಳು. ಇದನ್ನು ನೆನಪಿಡಿ.

ಭಾನುವಾರ ಹೆಂಡತಿ ಚಿತ್ರಾನ್ನ, ಮೊಸರನ್ನ ಮಾಡಿದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆವು. ಅಕ್ಕನನ್ನು ಲಿಫ್ಟಿನಲ್ಲಿ ಹತ್ತಿಸಿ, ಇಳಿಸಿ, ಅಲ್ಲಿಂದ ಆಟೋ. ಮಗ ನಿಜವಾಗಿಯೂ ಮನೆ ನೋಡುವುದಕ್ಕೆ ಹೋಗುತ್ತಿದ್ದೇವೆ ಅಂದುಕೊಂಡಿದ್ದ. ಹೋಗುತ್ತಿದ್ದದ್ದೂ ನಿಜವಾಗಿ ನೋಡುವುದಕ್ಕೇ. ನಾನು ನೋಡುವ ರೀತಿ ಬೇರೆ, ಅಷ್ಟೆ.

ಸ್ಯಾಂಪಲ್ ಫ್ಲಾಟು ನೆಲಮಟ್ಟದಲ್ಲೇ ಇತ್ತು. ಒಳಗೆ ಹೋದರೆ ತಂಪು, ದೀಪ, ಸೋಫಾ, ಪ್ಲಾಸ್ಟಿಕ್ ಹೂವು. ಪರವಾಗಿಲ್ಲವೇ, ದೊಡ್ಡದಾಗಿದೆ ಅನ್ನಿಸಿತು. ನಾನು ಸೀದಾ ಬೆಡ್‌ರೂಮಿಗೆ ಹೋಗಿ ಮಂಚದ ಮೇಲೆ ಉರುಳಿದೆ. ನನ್ನ ಎತ್ತರಕ್ಕೆ ಕಾರ್ಖಾನೆಯಲ್ಲಿ ಒಂಟೆ ಅಂತ ಹೆಸರಿತ್ತು, ಒಪ್ಪಿಕೊಳ್ಳುತ್ತೇನೆ. ಆದರೂ ಮೀನಖಂಡದಿಂದ ಕೆಳಗೆ ಎರಡೂ ಕಾಲು ಗಾಳಿಯಲ್ಲಿ ನೇತಾಡುವುದೇ? ಚಿಕ್ಕ ಮೊಮ್ಮಗಳನ್ನು ಕರೆದು ಮಲಗಿಸಿದೆ. ಅವಳ ಹಿಮ್ಮಡಿ ಮಂಚದ ಅಂಚಿಗೆ ಬಂತು. ರೂಮು ದೊಡ್ಡದಾಗಿ ಕಾಣಲಿ ಅಂತ ಮಂಚವನ್ನೇ ಮಕ್ಕಳ ಅಳತೆಗೆ ಮಾಡಿಸಿಟ್ಟಿದ್ದಾರೆ! ಗೊಂಬೆ ಮನೆಗೆ ಗೊಂಬೆ ಮಂಚ. ಗೊಂಬೆಗಳು ಬೋರ್ಡಿನ ಮೇಲೆ ನಗುತ್ತಿವೆ.

ನಾನು ಎದ್ದು ಬಂದು ಟೀಪಾಯಿ ಪಕ್ಕಕ್ಕೆ ಸರಿಸಿ, ಚಾಪೆ ಹಾಸಿ, ಬಡಿಸು ಅಂದೆ. ಹೆಂಡತಿಗೆ ನನ್ನ ಜೊತೆ ಬಾಳಿ ಅಭ್ಯಾಸ, ಡಬ್ಬಿ ತೆಗೆದಳು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ನಗುತ್ತಿದ್ದಳೋ ನಾಚಿಕೊಂಡಿದ್ದಳೋ ನನಗೆ ಗೊತ್ತಾಗಲಿಲ್ಲ. ಆ ಇಂಪಾದ ದನಿಯ ಹುಡುಗಿ ಓಡಿ ಬಂದು, ಸಾರ್ ಇಲ್ಲಿ ಊಟ ಮಾಡಬಾರದು ಅಂದಳು. ಮನೆಯಲ್ಲಿ ಊಟ ಮಾಡದೆ ಇನ್ನೇನಮ್ಮ ಮಾಡುವುದು ಅಂತ ಅವಳಿಗೂ ಒಂದು ತಟ್ಟೆ ಕೊಟ್ಟೆ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಕಾಣುತ್ತದೆ, ನಿಂತುಕೊಂಡೇ ತಿಂದಳು. ಊಟವಾದ ಮೇಲೆ ಎಲ್ಲರನ್ನೂ ಮಲಗಿಸಿದೆ. ಹಾಲಿನಲ್ಲಿ ನಾಲ್ಕು ಜನ ಮಲಗುವ ಹೊತ್ತಿಗೆ ನೆಲ ಮುಗಿಯಿತು. ಇಬ್ಬರು ರೂಮಿನಲ್ಲಿ. ಅಕ್ಕನಿಗೆ ಜಾಗವೇ ಇಲ್ಲ. ಕೊನೆಗೆ ತಲೆ ಅಡುಗೆಮನೆಯಲ್ಲಿ, ಕಾಲು ಹಾಲಿನಲ್ಲಿ ಇಟ್ಟು ಮಲಗಿದಳು. ನಾವೆಲ್ಲ ಆಟಕ್ಕೆ ಮಲಗಿದ್ದೆವು, ಅವಳು ಮಾತ್ರ ನಿಜವಾಗಿ ಗೊರಕೆ ಹೊಡೆದಳು. ಆಗ ಇನ್ನೊಂದು ಜೋಡಿ ಮನೆ ನೋಡಲು ಬಂದು, ಒಳಗೆ ಮಲಗಿದವರನ್ನು ಕಂಡು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಇದು ಆಗಲೇ ಸೇಲ್ ಆಗಿದೆಯಾ ಅಂತ ಪಿಸುಗುಟ್ಟಿದರು.

ಮ್ಯಾನೇಜರು ಬಂದ. ಸಭ್ಯಸ್ಥ, ಬೈಯಲಿಲ್ಲ. ನಾನು ಮಲಗಿಕೊಂಡೇ, ಏಳು ಜನ ಇರುವ ಮನೆ ಯಾಕೆ ಕಟ್ಟುವುದಿಲ್ಲ ಅಂತ ಕೇಳಿದೆ. ಅವನು ಬಿಚ್ಚಿ ಹೇಳಿದ. ದೊಡ್ಡದು ಮೆಲ್ಲಗೆ ಹೋಗುತ್ತದೆ, ಚಿಕ್ಕದು ಬಿಸಿ ಬೋಂಡದ ಥರ ಖರ್ಚಾಗುತ್ತದೆ. ತೆಗೆದುಕೊಳ್ಳುವವರಲ್ಲಿ ಬಹಳ ಜನ ಇರುವುದಕ್ಕೆ ಅಂತ ತೆಗೆದುಕೊಳ್ಳುವುದೇ ಇಲ್ಲ, ಬಾಡಿಗೆಗೆ ಬಿಡಲು ತೆಗೆದುಕೊಳ್ಳುತ್ತಾರೆ. ಅವರಿಗೆ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕದು ಲಾಭ. ಮೂರು ಬೆಡ್‌ರೂಮಿನದು ಮೇಲಿನ ಮಹಡಿಯಲ್ಲಿ ಎರಡೇ ಇವೆ, ಅವು ಲಕ್ಷುರಿ, ಮೂರನೇ ರೂಮನ್ನು ಎಲ್ಲರೂ ಸಿನಿಮಾ ನೋಡುವುದಕ್ಕೆ ಇಟ್ಟುಕೊಳ್ಳುತ್ತಾರೆ ಅಂದ. ಕೇಳಿ ನನ್ನ ನೆತ್ತಿಗೆ ಬೆಂಕಿ ಹತ್ತಿತು. ಅಕ್ಕನಿಗೆ ಮಲಗಲು ಜಾಗವಿಲ್ಲ, ಸಿನಿಮಾಕ್ಕೆ ಒಂದು ರೂಮು.

ಅಷ್ಟರಲ್ಲಿ ಅಕ್ಕ ಎದ್ದು ಬಚ್ಚಲಿಗೆ ಹೋಗಬೇಕು ಅಂದಳು. ಹೋಗಿ ನೋಡಿ ವಾಪಸು ಬಂದಳು. ಬಚ್ಚಲಿಗೆ ಬಾಗಿಲೇ ಇರಲಿಲ್ಲ. ಆಗ ಕಣ್ಣು ಬಿಟ್ಟು ನೋಡಿದರೆ ಆ ಮನೆಯ ಯಾವ ರೂಮಿಗೂ ಬಾಗಿಲಿಲ್ಲ. ಬಾಗಿಲು ಇಟ್ಟರೆ ತೆಗೆಯಲು ಜಾಗ ಬೇಕಲ್ಲ, ಇಕ್ಕಟ್ಟು ಬಯಲಾಗುತ್ತದೆ.

"ಅಮ್ಮಾ, ಇದು ಬರೀ ತೋರ್ಸೋಕೆ," ಅಂದ ಮ್ಯಾನೇಜರು.

"ತೋರ್ಸೋಕೆ ಇಲ್ಲಿ ಕಟ್ಟಿದೀರಿ, ಸರಿ," ಅಂದಳು ಅಕ್ಕ. "ಇರೋಕೆ ಎಲ್ಲಿ ಕಟ್ಟಿದೀರಿ, ಅಲ್ಲಿಗೆ ಕರ್ಕೊಂಡ್ ಹೋಗಪ್ಪಾ."

ಅವನು ಟೀಪಾಯಿಯನ್ನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟ. ನಾವು ತಟ್ಟೆ ತೊಳೆಯದೆ ಬಂದೆವು. ನಲ್ಲಿಯಲ್ಲಿ ನೀರೂ ಇರಲಿಲ್ಲ.

ಪರೀಕ್ಷೆ ಮುಗಿಯುತ್ತಾ ಬಂತು. ಟ್ರಂಕು ಬೀಗ ಹಾಕಿಕೊಂಡು ಹಾಗೇ ಕೂತಿತ್ತು. ದಿನಾ ಬೆಳಿಗ್ಗೆ ಅಕ್ಕ ಅದರ ಮೇಲಿನ ಧೂಳು ಒರೆಸುತ್ತಿದ್ದಳು, ಬೇಕಂತಲೇ, ನನಗೆ ಕಾಣುವ ಹಾಗೆ.

ಕೊನೆಗೆ ಬಾಪೂಜಿ ನಗರದಲ್ಲಿ ಒಂದು ಕಟ್ಟಡ ಸಿಕ್ಕಿತು. ಓನರು ಆ ಕಡೆಯ ಹಳೇ ಊರಿನ ಗೌಡರ ಮನೆಯವರು, ಹಿಂದೆ ಹೊಲವಿದ್ದ ಜಾಗದಲ್ಲೇ ಕಟ್ಟಿಸಿದ್ದಾರೆ. ಕೆಳಗಿನಿಂದ ಮೇಲಿನವರೆಗೂ ಒಂದೊಂದು ರೂಮಿನ ಪೋರ್ಷನ್ನುಗಳು: ಪುಟ್ಟ ಹಾಲು, ರೂಮು, ಅಡುಗೆಮನೆ, ಬಚ್ಚಲು. ಎಲ್ಲದಕ್ಕೂ ಪ್ರತ್ಯೇಕ ಮುಂಬಾಗಿಲು, ಪ್ರತ್ಯೇಕ ಮೀಟರು. ಆದರೆ ಎಲ್ಲಕ್ಕಿಂತ ಮೇಲಿನ ಅಂತಸ್ತು ಬೇರೆ ಥರ. ಬಾಡಿಗೆ ಮಾತಾಡಲು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಒಳಗೆ ಹೋಗಿ ನಾನು ಬಾಯಿ ಬಿಟ್ಟೆ. ಇಡೀ ಅಂತಸ್ತು ಒಂದೇ ಮನೆ. ನಾಲ್ಕು ರೂಮು, ಮಕ್ಕಳು ಸೈಕಲ್ ಹೊಡೆಯುವಷ್ಟು ಹಾಲು, ಒಂದು ಮೂಲೆಯಲ್ಲಿ ಅವರ ತಾಯಿಯ ಮಂಚ, ಅದರ ಪಕ್ಕ ಕಿಟಕಿ, ಪೂರ್ತಿ ಕಿಟಕಿ.

"ನಿಮ್ಗೆ ಮಾತ್ರ ಇಷ್ಟು ದೊಡ್ಡದ್ಯಾಕೆ ಸಾರ್?" ಅಂದೆ.

"ಅಮ್ಮ ಇದಾರೆ, ತಮ್ಮನ ಸಂಸಾರ ಇದೆ," ಅಂದರು, ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ. "ಎಲ್ಲಾ ಒಟ್ಗೆ ಇರ್ಬೇಕಲ್ವಾ."

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಇದೆ. ದೊಡ್ಡ ಮನೆ ಯಾಕೆ ಬೇಕು ಅಂತ ಇವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಚೆನ್ನಾಗಿ ಗೊತ್ತಿದೆ! ತಮಗೆ ಅಂತ ಮೇಲೆ ಒಂದು ಕಟ್ಟಿಕೊಂಡು, ಕಾಲ ಕೆಳಗೆ ಇರುವವರಿಗೆಲ್ಲ ಗೋಡೆ ಬೆಳೆಯುತ್ತಾರೆ. ಅವರಿಗೆ ಸಂಸಾರ, ನಮಗೆ ಪೋರ್ಷನ್.

ನೆಲ ಅಂತಸ್ತಿನಲ್ಲಿ ಪಕ್ಕಪಕ್ಕದ ಎರಡು ಪೋರ್ಷನ್ ಖಾಲಿ ಇದ್ದವು. ನಡುವೆ ಒಂದೇ ಗೋಡೆ. ಎರಡನ್ನೂ ತೆಗೆದುಕೊಳ್ಳುತ್ತೇನೆ, ಆ ಗೋಡೆಯಲ್ಲಿ ಒಂದು ಬಾಗಿಲು ಇಡಲು ಬಿಡಿ ಅಂತ ಕೇಳಿಕೊಂಡೆ. ನೀವು ಹೋದ ಮೇಲೆ ಮತ್ತೆ ಮುಚ್ಚಿಸಬೇಕಲ್ಲ, ಆಗುವುದಿಲ್ಲ ಅಂದರು. ಮುಚ್ಚಿಸಿಕೊಟ್ಟೇ ಹೋಗುತ್ತೇನೆ ಅಂದೆ. ಬಾಗಿಲು ಇಟ್ಟರೆ ಎರಡು ಮನೆ ಒಂದಾಗಿಬಿಡುತ್ತದಲ್ಲ ಅಂದರು. ಹೂಂ ಸಾರ್, ಅದಕ್ಕೇ ಅಂದೆ.

ನೇರ ದಾರಿ ಮುಚ್ಚಿದರೆ ನನ್ನ ಬುದ್ಧಿ ಹಿತ್ತಲ ಕಡೆ ಓಡುತ್ತದೆ. ಓನರ ತಾಯಿ ದಿನಾ ಬೆಳಿಗ್ಗೆ ಲಿಫ್ಟಿನಲ್ಲಿ ಇಳಿದು ಬಂದು ಕೆಳಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂರುವುದನ್ನು ನೋಡಿಕೊಂಡಿದ್ದೆ. ಅಕ್ಕನನ್ನು ಆಟೋದಲ್ಲಿ ಕರೆತಂದು ಅದೇ ಕಟ್ಟೆಯ ಮೇಲೆ ಕೂರಿಸಿ ನಾನು ಮಾಯವಾದೆ. ಮುದುಕಿಯರಿಬ್ಬರು ಮಂಡಿ ನೋವಿನಿಂದ ಶುರು ಮಾಡಿ, ಹುರುಳಿಕಾಳಿನ ಸಾರಿಗೆ ಬಂದು, ತಮ್ಮಂದಿರ ಮೂರ್ಖತನದ ತನಕ ಹೋದರು. ಮಧ್ಯಾಹ್ನದ ಹೊತ್ತಿಗೆ ಆಕೆ ಅಕ್ಕನ ಕೈ ಹಿಡಿದುಕೊಂಡು, ನಾನು ಕಂಬದ ಹಿಂದೆ ನಿಂತು ಕೇಳುತ್ತಿರುವಂತೆಯೇ, ಮಗನನ್ನು ಕರೆದು ಹೇಳಿದರು.

"ಇವ್ರನ್ನ ಆ ಕಡೆ ಈ ಕಡೆ ಮಾಡ್ಬೇಡ ಕಣೋ. ಗೋಡೆ ಒಡ್ಸಿ ಬಾಗ್ಲು ಇಡ್ಸು."

"ಆಯ್ತಮ್ಮ," ಅಂದರು ಓನರು.

ಸಾಮಾನು ಸಾಗಿಸಿದ ದಿನವೇ ನಾನು ರಾಜಾಜಿನಗರಕ್ಕೆ ವಾಪಸು ಓಡಿ, ಒಡೆಯಲು ಬಂದಿದ್ದ ಕೆಲಸದವರಿಂದ ಆ ಹಸಿರು ಹಿತ್ತಲ ಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿಸಿ, ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಗಾರೆ ಕೆಲಸದ ಮೇಸ್ತ್ರಿ ಬಂದ. ಗೋಡೆಗೆ ಸುತ್ತಿಗೆ ಬಿದ್ದಾಗ ಇಟ್ಟಿಗೆಯ ಕೆಂಪು ಧೂಳು ಮನೆಯೆಲ್ಲ ತುಂಬಿತು. ಸಂಜೆಯ ಹೊತ್ತಿಗೆ ಬಾಗಿಲು ಕೂತು, ಎಳೆದರೆ ಅದೇ ಕುಯ್ ಸದ್ದು. ಆ ಕಡೆಯಿಂದ ಅಕ್ಕ ಇಣುಕಿ ನೋಡಿ, ಪರವಾಗಿಲ್ಲವೋ ಅಂದಳು.

ಹಾಲುಕ್ಕಿಸುವ ದಿನ ಒಂದು ತಕರಾರು ಎದ್ದಿತು. ಹೊಸ ಮನೆಗೆ ಹೋದಾಗ ಒಲೆ ಹಚ್ಚಿ ಹಾಲು ಉಕ್ಕಿಸಬೇಕಲ್ಲ, ಯಾವ ಅಡುಗೆಮನೆಯಲ್ಲಿ? ಒಂದೇ ಸಂಸಾರ, ಒಂದೇ ಕಡೆ ಸಾಕು ಅಂದಳು ನನ್ನ ಹೆಂಡತಿ. ಅಗ್ರಿಮೆಂಟು ಎರಡಿದೆ, ಎರಡು ಕಡೆನೂ ಉಕ್ಕಿಸಿ, ಇಲ್ಲದಿದ್ದರೆ ಪೋರ್ಷನ್ನಿಗೆ ಒಳ್ಳೆಯದಲ್ಲ ಅಂದರು ಓನರು. ಕೊನೆಗೆ ಅಕ್ಕನೇ ತೀರ್ಪು ಕೊಟ್ಟಳು. ಈ ಕಡೆಯ ಒಲೆಯ ಮೇಲೆ ಹೆಂಡತಿ, ಆ ಕಡೆಯ ಒಲೆಯ ಮೇಲೆ ಅಕ್ಕ, ಇಬ್ಬರೂ ಒಂದೇ ಹೊತ್ತಿಗೆ ಹಾಲಿಟ್ಟರು. ನಮ್ಮದು ಉಕ್ಕಿತು. ಉಕ್ಕಿತಾ, ಉಕ್ಕಿತಾ ಅಂತ ಅಕ್ಕ ಆ ಕಡೆಯಿಂದ ಕೂಗುತ್ತಿದ್ದಳು. ಅವಳದು ಸೀದುಹೋಯಿತು.

ಈ ಕಡೆ ಮಗ, ಸೊಸೆ, ನಾನು, ನನ್ನ ಹೆಂಡತಿ. ಆ ಕಡೆ ಓದುವ ಹುಡುಗಿಯರಿಬ್ಬರು ಮತ್ತು ಅಕ್ಕ. ಹುಡುಗಿಯರಿಗೆ ರೂಮೂ ಹಾಲೂ ಬೇಕು, ಪುಸ್ತಕ ಹರಡಿಕೊಳ್ಳುತ್ತಾರೆ. ಅಕ್ಕನ ಮಂಚ ಅಡುಗೆಮನೆಯಲ್ಲಿದೆ. ಅಲ್ಲಿ ಅಡುಗೆ ಮಾಡುವುದಿಲ್ಲವಲ್ಲ. ದಿಂಬಿನ ಪಕ್ಕಕ್ಕೆ ಸಿಂಕು, ತಲೆಯ ಮೇಲೆ ಮಸಾಲೆ ಡಬ್ಬಿ ಇಡುವ ಶೆಲ್ಫು, ಅದರಲ್ಲಿ ಅವಳ ಮಾತ್ರೆಗಳು. ಟ್ರಂಕು ಸಿಲಿಂಡರ್ ಇಡುವ ಜಾಗಕ್ಕೆ ಸರಿಯಾಗಿ ಕೂತಿದೆ. ಏಳು ಜನಕ್ಕೆ ಒಂದು ಅಡುಗೆಮನೆ ಸಾಕಿತ್ತು, ಎರಡಕ್ಕೆ ಬಾಡಿಗೆ ಕಟ್ಟುತ್ತಿದ್ದೇವೆ. ಒಂದು ಮುಂಬಾಗಿಲು ಸಾಕಿತ್ತು, ಎರಡಿದೆ. ಮಲಗುವ ಜಾಗ ಮಾತ್ರ ಒಂದು ಕಮ್ಮಿ. ಇದನ್ನು ಈ ಊರಿನಲ್ಲಿ ಮನೆ ಸಿಕ್ಕಿತು ಅನ್ನುತ್ತಾರೆ. ನೆಂಟರು ಬಂದು, ಅದೃಷ್ಟವಂತರು ನೀವು ಅಂತ ಹೇಳಿ ಹೋಗುತ್ತಾರೆ.

ಈಗ ಆ ಸುಳ್ಳು. ಸ್ಯಾಂಪಲ್ ಫ್ಲಾಟಿನ ನಿದ್ದೆ ಅಂದುಕೊಂಡಿರಾ? ಅದು ನಿಜ, ಮಂಚವೂ ನಿಜ. ಅರ್ಧ ಕಿಟಕಿ ಅಂದುಕೊಂಡಿರಾ? ವಿಜಯನಗರಕ್ಕೆ ಬನ್ನಿ, ತೋರಿಸುತ್ತೇನೆ, ಬಾಳೆಹಣ್ಣು ನೀವೇ ತನ್ನಿ. ಓನರ ತಾಯಿ ಹೇಳಿದ್ದು ನಿಜ, ಮಗ ಆಯ್ತಮ್ಮ ಅಂದದ್ದೂ ನಿಜ.

ಮೇಸ್ತ್ರಿ ಬರಲಿಲ್ಲ. ಗೋಡೆ ಒಡೆಯಲಿಲ್ಲ. ಅದೊಂದನ್ನು ನಾನು ಕಟ್ಟಿದೆ.

ನಾವು ಸಾಮಾನು ಇಳಿಸಿ ಅಡ್ವಾನ್ಸ್ ಕೊಟ್ಟು ಮುಗಿದ ಮೇಲೆ ಓನರು, ನೋಡೋಣ ಸಾರ್, ಮಳೆಗಾಲ ಕಳೀಲಿ ಅಂದರು. ಮಳೆಗಾಲ ಕಳೆಯಿತು, ಹಬ್ಬ ಕಳೀಲಿ ಅಂದರು. ಅವರ ತಾಯಿ ಈಗ ಕಟ್ಟೆಗೆ ಬರುವುದಿಲ್ಲ. ಮೇಲೆ ತಮ್ಮ ಕಿಟಕಿಯ ಹತ್ತಿರವೇ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾರೆ. ನಾನು ತಂದ ಹಸಿರು ಬಾಗಿಲು ಚೌಕಟ್ಟಿನ ಸಮೇತ ನಮ್ಮ ಹಾಲಿನಲ್ಲಿ ಆ ಗೋಡೆಗೆ ಒರಗಿಕೊಂಡು ನಿಂತಿದೆ, ಎಲ್ಲಿ ಇರಬೇಕಿತ್ತೋ ಸರಿಯಾಗಿ ಅಲ್ಲಿ. ಹೊಸಬರು ಯಾರಾದರೂ ಬಂದರೆ ಆಚೆ ಇನ್ನೊಂದು ರೂಮಿದೆ ಹೋಗಿ ನೋಡಿ ಅನ್ನುತ್ತೇನೆ. ಅವರು ಚಿಲಕ ತೆಗೆದು ಎಳೆಯುತ್ತಾರೆ, ಕುಯ್ ಅನ್ನುತ್ತದೆ, ಎದುರಿಗೆ ಸುಣ್ಣ ಬಳಿದ ಗೋಡೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯುತ್ತಮ ತಮಾಷೆ ಅದು. ಒಂದು ಸಲವೂ ನನಗೆ ನಗು ಬಂದಿಲ್ಲ.

ಅಕ್ಕ ಟ್ರಂಕಿನಿಂದ ಶಾಲು, ಎರಡು ಸೀರೆ ಬಿಟ್ಟು ಇನ್ನೇನೂ ತೆಗೆದಿಲ್ಲ. ಗೋಡೆ ಒಡೆದ ದಿನ ತೆಗೆಯುತ್ತೇನೆ ಅನ್ನುತ್ತಾಳೆ. ಮಾತಿನಂತೆ ನನ್ನ ಹೆಸರೂ ಬದಲಾಯಿಸಿದ್ದಾಳೆ, ಈಗ ನನ್ನನ್ನು ಕರೆಯುವುದು ಅರ್ಧಮನೆ ಅಂತ. ಹುಡುಗಿಯರು ಕಾಲೇಜು, ಸ್ಕೂಲು ಅಂತ ಹೋದ ಮೇಲೆ ಅವಳಿಗೆ ಏನಾದರೂ ಬೇಕಾದರೆ ಸ್ಟೀಲ್ ಲೋಟದಿಂದ ಗೋಡೆಗೆ ಬಡಿಯುತ್ತಾಳೆ. ನಾನು ಒಂದು ಮುಂಬಾಗಿಲಿನಿಂದ ಆಚೆ ಹೋಗಿ, ಚಪ್ಪಲಿ ಹಾಕಿ, ಚಪ್ಪಲಿ ಬಿಟ್ಟು, ಇನ್ನೊಂದು ಮುಂಬಾಗಿಲಿನಿಂದ ಒಳಗೆ ಹೋಗುತ್ತೇನೆ.

ಇದನ್ನು ಬರೆಯುತ್ತಿರುವಾಗಲೇ ಬಡಿಯುತ್ತಿದ್ದಾಳೆ. ಈ ಕಡೆ ಕೂತವನಿಗೆ ಅದು ಬಾಗಿಲು ತಟ್ಟಿದ ಹಾಗೆಯೇ ಕೇಳುತ್ತದೆ.